ಕಾಯುವವರ ಪ್ರಾರ್ಥನೆ

ನವಂಬರ ತಿಂಗಳು ಮುಗಿಯುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿಗಳ ಎರಿಹೊಲಗಳಲ್ಲಿ ಒಂದು ಬಗೆಯ ಮೌನ ನೆಲೆಸಿರುತ್ತದೆ. ಹಸ್ತ, ಚಿತ್ತಾ ಮಳೆಗಳು ಬಂದು ಹೋಗಿರುತ್ತವೆ; ಬಂದುದೆಷ್ಟೋ ಅಷ್ಟೇ ಆ ವರುಷದ ಪಾಲು. ಹಿಂಗಾರಿ ಜೋಳ ಎದ್ದು ನಿಂತಿದೆ, ಕಡಲೆ ಹೂವಿಗೆ ಬರುತ್ತಿದೆ, ಗೋದಿ ಕುಸುಬಿಗಳು ಎಳೆಯವಾಗಿವೆ. ಇನ್ನು ಮೇಲಿಂದ ದೊಡ್ಡ ಮಳೆಯನ್ನು ಯಾರೂ ಎಣಿಸುವಂತಿಲ್ಲ. ಕರಿಯ ಮಣ್ಣು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟ ಹಸಿ, ಬೆಳಗಿನ ಜಾವ ಬೀಳುವ ಇಬ್ಬನಿ, ಇವೆರಡರ ಬಲದಿಂದಲೇ ಪೈರು ಸುಗ್ಗಿಯವರೆಗೆ ಬದುಕಬೇಕು. ರೈತನಾದವನು ಮಾಡಬೇಕಾದುದನ್ನು ಮಾಡಿ, ಉಳಿದುದಕ್ಕೆ ಕಾಯುವ ಕಾಲ ಇದು.

ಇದೇ ದಿನಗಳಲ್ಲಿ ಕ್ರೈಸ್ತ ಸಭೆಗೆ ಹೊಸ ವರುಷ ಆರಂಭವಾಗುತ್ತದೆ. ಆ ವರುಷ ಹಬ್ಬದಿಂದ ತೊಡಗುವುದಿಲ್ಲ, ಕಾಯುವುದರಿಂದ ತೊಡಗುತ್ತದೆ. ನವಂಬರ ೩೦ಕ್ಕೆ ಅತಿ ಸಮೀಪವಾದ ರವಿವಾರದಿಂದ ಕ್ರಿಸ್ತಜಯಂತಿಯವರೆಗಿನ ನಾಲ್ಕು ರವಿವಾರಗಳ ಈ ಅವಧಿಗೆ ಆಗಮನ ಕಾಲವೆಂದು ಹೆಸರು. ಒಂದು ವರುಷ ಅದು ಇಪ್ಪತ್ತೆರಡೇ ದಿನಗಳಿರಬಹುದು, ಇನ್ನೊಂದು ವರುಷ ಇಪ್ಪತ್ತೆಂಟು ದಿನಗಳಾಗಬಹುದು. ಲ್ಯಾಟಿನ್ ಭಾಷೆಯ 'ಅದ್ವೆಂತುಸ್' ಎಂಬ ಮಾತಿಗೆ ಬರುವಿಕೆ ಎಂದೇ ಅರ್ಥ. ಐದನೆಯ ಶತಮಾನದ ಕೊನೆಯಲ್ಲಿಯೇ ಇಂದಿನ ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಕ್ರಿಸ್ತಜಯಂತಿಗೆ ಮುನ್ನ ವಾರದಲ್ಲಿ ಮೂರು ದಿನ ಉಪವಾಸ ಮಾಡುವ ಕಟ್ಟಳೆ ಇತ್ತು. ಬರುವಾತನನ್ನು ಎದುರುಗೊಳ್ಳುವ ಮೊದಲು ಮನೆಯನ್ನೂ ಮನಸ್ಸನ್ನೂ ಹಸನುಮಾಡಿಕೊಳ್ಳಬೇಕೆಂಬುದೇ ಇದರ ಹುರುಳು.

ಈ ಕಾಲದಲ್ಲಿ ಹಲವು ಚರ್ಚುಗಳಲ್ಲಿ ಹಸಿರೆಲೆಗಳ ಒಂದು ವರ್ತುಲದ ಮೇಲೆ ನಾಲ್ಕು ಮೇಣಬತ್ತಿಗಳನ್ನಿಟ್ಟು, ರವಿವಾರಕ್ಕೊಂದರಂತೆ ಹೊತ್ತಿಸುತ್ತಾರೆ. ಈ ಪದ್ಧತಿ ಹುಟ್ಟಿದ ಬಗೆ ಸ್ವಾರಸ್ಯವಾದದ್ದು. ಜರ್ಮನಿಯ ಹಾಂಬುರ್ಗ್ ನಗರದಲ್ಲಿ ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬವರು ಬಡ ಮಕ್ಕಳಿಗಾಗಿ ಒಂದು ಆಶ್ರಮವನ್ನು ನಡೆಸುತ್ತಿದ್ದರು. ಹಬ್ಬ ಎಂದು, ಹಬ್ಬ ಎಂದು ಎಂದು ಮಕ್ಕಳು ದಿನವೂ ಅವರನ್ನು ಕಾಡುತ್ತಿದ್ದರು. ೧೮೩೯ರಲ್ಲಿ ಅವರು ಹಳೆಯದೊಂದು ಗಾಡಿಯ ಗಾಲಿಯನ್ನು ತೆಗೆದುಕೊಂಡು, ರವಿವಾರಗಳಿಗೆಂದು ನಾಲ್ಕು ದೊಡ್ಡ ಬಿಳಿಯ ಬತ್ತಿಗಳನ್ನೂ ಉಳಿದ ದಿನಗಳಿಗೆಂದು ಸಣ್ಣ ಕೆಂಪು ಬತ್ತಿಗಳನ್ನೂ ಅದರ ಮೇಲೆ ನೆಟ್ಟರು. ದಿನಕ್ಕೊಂದು ಬತ್ತಿ ಉರಿಯತೊಡಗಿತು. ಮಕ್ಕಳ ಆತುರವನ್ನು ಅವರು ಗದರಿಸಿ ಅಡಗಿಸಲಿಲ್ಲ. ಅದಕ್ಕೆ ಒಂದು ಎಣಿಕೆಯನ್ನು, ಒಂದು ಬೆಳಕನ್ನು ಒದಗಿಸಿಕೊಟ್ಟರು. ಬಾಸೆಲ್ ಮಿಶನಿನವರು ೧೮೩೭ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿಯಲ್ಲಿ ಕೇಂದ್ರವನ್ನು ತೆರೆದುದೂ ಅದೇ ೧೮೩೯ರಲ್ಲಿಯೇ.

ಆ ಮಿಶನಿನವರ ಇತಿಹಾಸದಲ್ಲಿಯೇ ಕಾಯುವಿಕೆಯನ್ನು ಕುರಿತ ಒಂದು ಪಾಠವಿದೆ. ೧೮೪೦ರ ಸುಮಾರಿಗೆ ಕಾಲಜ್ಞಾನದ ಮಾತುಗಳನ್ನು ನಂಬಿದ ಪಂಥವೊಂದರ ಜನರು ಹುಬ್ಬಳ್ಳಿಯ ಕಡೆಯಲ್ಲಿ ಪಾದ್ರಿಗಳನ್ನು ಬಂದು ಕಂಡರು. ಕಾಲ ಬದಲಾಗುವುದು, ಉದ್ಧಾರಕನೊಬ್ಬನು ಬರುವನು ಎಂದು ಅವರು ಕಾಯುತ್ತಿದ್ದರು. ಈ ಬಿಳಿಯ ಗುರುಗಳಿಗೂ ಆ ಭವಿಷ್ಯಕ್ಕೂ ಏನೋ ಸಂಬಂಧವಿರಬೇಕೆಂದು ಅವರಿಗೆ ತೋರಿತು. ಪಾದ್ರಿಗಳಾದರೋ ಸಾವಿರಾರು ಜನ ತಮ್ಮ ಸಭೆಯನ್ನು ಸೇರುವರೆಂದು ಹಿಗ್ಗಿದರು. ಮುಂದೆ ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರೂ ಈ ಆಸೆಯಲ್ಲಿ ಪಾಲುಗಾರರು. ಅವರಿಗಾಗಿಯೇ ಗದಗ ಬೆಟಗೇರಿಗಳ ಬಳಿ ಮಲಸಮುದ್ರವೆಂಬಲ್ಲಿ ೧೮೪೧ರಲ್ಲಿ ಒಕ್ಕಲುತನದ ಒಂದು ವಸಾಹತನ್ನು ಏರ್ಪಡಿಸಲಾಯಿತು. ಆದರೆ ಎಣಿಸಿದ ಜನ ಬರಲಿಲ್ಲ. ಕಾಲಜ್ಞಾನದವರು ಕಾಯುತ್ತಿದ್ದುದು ತಮ್ಮ ಚಿತ್ರದ ಉದ್ಧಾರಕನಿಗಾಗಿ. ಪಾದ್ರಿಗಳು ಕಾಯುತ್ತಿದ್ದುದು ತಮ್ಮ ಲೆಕ್ಕದ ಜನರಿಗಾಗಿ. ಇಬ್ಬರೂ ದೇವರ ಹೆಸರನ್ನೇ ಹೇಳುತ್ತಿದ್ದರು, ಇಬ್ಬರೂ ಪ್ರಾರ್ಥಿಸುತ್ತಿದ್ದರು. ಆದರೆ ಎದುರಿಗೆ ನಿಂತ ಮನುಷ್ಯನು ನಿಜವಾಗಿ ಏನು ಕೇಳುತ್ತಿದ್ದಾನೆಂಬುದು ಒಬ್ಬರಿಗೊಬ್ಬರಿಗೆ ತಿಳಿಯದೆ ಹೋಯಿತು.

ಇದನ್ನು ನಾನು ಯಾರನ್ನೂ ನಗುವುದಕ್ಕಾಗಿ ಹೇಳುತ್ತಿಲ್ಲ. ನಾವೆಲ್ಲರೂ ಕಾಯುವುದು ಬಹುಮಟ್ಟಿಗೆ ಹೀಗೆಯೇ. ಬರಬೇಕಾದುದು ಹೀಗೆಯೇ ಬರಬೇಕು, ಇಂಥ ದಿನವೇ ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡು ಕುಳಿತಿರುತ್ತೇವೆ. ನಾಲ್ಕು ವಾರಗಳ ಈ ಕಾಲವು ಮೊದಲು ಕೇಳುವ ಪ್ರಶ್ನೆ ಇದು: ನೀನು ಕಾಯುತ್ತಿರುವುದು ಬರುವಾತನಿಗಾಗಿಯೋ, ನಿನ್ನ ಮನಸ್ಸಿನ ಚಿತ್ರಕ್ಕಾಗಿಯೋ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪ್ರಾರ್ಥನೆ ಪ್ರಾಮಾಣಿಕವಾಗಿರಬೇಕಾಗುತ್ತದೆ. ಪ್ರಾಮಾಣಿಕ ಪ್ರಾರ್ಥನೆ ಎಂದರೇನು? ನಮ್ಮ ಹಳ್ಳಿಗಳಲ್ಲಿ ಮಳೆ ಹೋದಾಗ ಗುರ್ಜಿ ಹೊರುವ ಪದ್ಧತಿಯನ್ನು ನೀವು ಕಂಡಿರಬಹುದು. ಸೆಗಣಿಯಿಂದ ಮಾಡಿದ ಗುರ್ಜಿಯನ್ನು ಹಂಚಿನ ಮೇಲಿಟ್ಟು, ತಲೆಯ ಮೇಲೆ ಹೊತ್ತು, ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿಯುತ್ತಾರೆ. ಹೊತ್ತವನು ತೊಯ್ದು ನಡುಗುತ್ತಾನೆ. ಅದರಲ್ಲಿ ಅಲಂಕಾರದ ಮಾತುಗಳಿಲ್ಲ. ನೀರು ಬೇಕು, ನೀರಿಲ್ಲದೆ ಬಾಳಿಲ್ಲ, ಕೊಡು, ಇಷ್ಟೇ. ಆ ಆಚರಣೆಯನ್ನು ನಂಬುವವರೂ ನಂಬದವರೂ ಅದರ ನೇರವಂತಿಕೆಯನ್ನು ಒಪ್ಪಬೇಕಾಗುತ್ತದೆ. ಬೇಕಾದುದನ್ನು ಬೇಕೆನ್ನುವುದು ಪ್ರಾರ್ಥನೆಯ ಮೊದಲನೆಯ ಮೆಟ್ಟಿಲು.

ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ ನೂರೈವತ್ತು ಹಾಡುಗಳಿವೆ. ಹೊಗಳಿಕೆಯ ಹಾಡುಗಳೇ ಅದರಲ್ಲಿ ತುಂಬಿರಬಹುದೆಂದು ತೆರೆದು ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಸುಮಾರು ಮೂರನೆಯ ಒಂದು ಪಾಲು ಗೋಳಿನ ಹಾಡುಗಳು. ಎಷ್ಟು ದಿನ ಹೀಗೆ, ನನ್ನನ್ನು ಮರೆತೆಯಾ, ಮುಖವನ್ನೇಕೆ ಮರೆಮಾಡಿಕೊಂಡೆ ಎಂಬ ಧಾಟಿಯ ದೂರುಗಳು ಅವು. ಸಾವಿರಾರು ವರುಷ ಯೆಹೂದ್ಯರೂ ಕ್ರೈಸ್ತರೂ ಇವನ್ನು ದೇವರ ಸನ್ನಿಧಿಯಲ್ಲಿಯೇ ಹಾಡಿಕೊಂಡು ಬಂದಿದ್ದಾರೆ. ಇವು ಭಕ್ತಿಗೆ ಹೊರತೆಂದು ಯಾರೂ ತೆಗೆದುಹಾಕಲಿಲ್ಲ.

ಮಕ್ಕಳಿಲ್ಲದ ಹನ್ನಳ ಕಥೆಯನ್ನು ನೆನೆಯಿರಿ. ಶೀಲೋ ಎಂಬ ಊರಿನ ದೇವಾಲಯದಲ್ಲಿ ಅವಳು ಅಳುತ್ತ ಕುಳಿತಿದ್ದಳು. ತುಟಿಗಳು ಅಲುಗುತ್ತಿದ್ದುವು, ದನಿ ಹೊರಡುತ್ತಿರಲಿಲ್ಲ. ಯಾಜಕನಾದ ಏಲಿ ನೋಡಿ, ಈ ಹೆಂಗಸು ಕುಡಿದು ಬಂದಿದ್ದಾಳೆಂದು ತಿಳಿದು ಗದರಿಸಿದನು. ಅವಳು ಹೆದರದೆ, ತಾನು ಕುಡಿದಿಲ್ಲ, ಎದೆಯ ಸಂಕಟವನ್ನು ಒಡೆಯನ ಮುಂದೆ ಸುರಿಯುತ್ತಿದ್ದೇನೆಂದು ಹೇಳಿದಳು. ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಇದೇ ಸಂಕಟವನ್ನು ಹಾಡಿಕೊಂಡ ತಾಯಂದಿರು ಎಷ್ಟು ಜನರಿಲ್ಲ! ಅವರ ಹಾಡನ್ನು ಕಲ್ಲು ಕೇಳಿತು, ಕೇಳಬೇಕಾದ ಮನೆಯವರು ಕೆಲವೊಮ್ಮೆ ಕೇಳಲಿಲ್ಲ.

ಇದಕ್ಕೆ ಎದುರಾದುದು ಯೇಸು ಹೇಳಿದ ಇಬ್ಬರು ಮನುಷ್ಯರ ದೃಷ್ಟಾಂತ. ಫರಿಸಾಯನು ಗುಡಿಯಲ್ಲಿ ನಿಂತು ತನ್ನ ಉಪವಾಸಗಳನ್ನೂ ದಾನಗಳನ್ನೂ ಎಣಿಸಿ ಒಪ್ಪಿಸಿದನು. ಸುಂಕದವನು ತಲೆಯೆತ್ತಲಾರದೆ, ತಾನು ಪಾಪಿ, ಕರುಣೆ ಬೇಕೆಂದು ಮಾತ್ರ ಬೇಡಿದನು. ಫರಿಸಾಯನು ಸುಳ್ಳು ಹೇಳಿದನೆಂದು ಕಥೆಯಲ್ಲಿಲ್ಲ. ಆತನು ಉಪವಾಸ ಮಾಡಿದ್ದು ನಿಜವೇ ಇರಬಹುದು. ಆದರೆ ಆತನು ಏನನ್ನೂ ಬೇಡಲಿಲ್ಲ. ಬೇಡುವಂಥದು ತನ್ನಲ್ಲಿ ಏನಾದರೂ ಇದೆಯೆಂದು ಆತನಿಗೆ ತೋರಲೇ ಇಲ್ಲ. ಆದುದರಿಂದ ಬಂದಂತೆಯೇ ಹಿಂದಿರುಗಿದನು.

ಆಗಮನ ಕಾಲದಲ್ಲಿ ಮತ್ತೆ ಮತ್ತೆ ನೆನೆಯುವ ಇನ್ನೊಬ್ಬ ವ್ಯಕ್ತಿ ಸ್ನಾನಿಕನಾದ ಯೋಹಾನ. ಬರುವಾತನಿಗೆ ದಾರಿಯನ್ನು ಹಸನುಮಾಡಿದವನು, ಯೇಸುವನ್ನು ಜನರಿಗೆ ಮೊದಲು ತೋರಿಸಿಕೊಟ್ಟವನು ಆತ. ಅರಸನಾದ ಹೆರೋದನ ತಪ್ಪನ್ನು ಎತ್ತಿ ಹೇಳಿದ್ದಕ್ಕೆ ಸೆರೆಮನೆಯಲ್ಲಿ ಬಿದ್ದನು. ದಿನಗಳು ಕಳೆದರೂ ಏನೂ ಬದಲಾಗಲಿಲ್ಲ. ಕೊನೆಗೆ ತನ್ನ ಶಿಷ್ಯರನ್ನು ಕಳುಹಿಸಿ, ಬರಬೇಕಾದವನು ನೀನೆಯೋ, ಇಲ್ಲವೆ ನಾವು ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಯೇಸುವನ್ನೇ ಕೇಳಿಸಿದನು. ಇಷ್ಟು ದೊಡ್ಡ ಭಕ್ತನ ಬಾಯಿಂದ ಇಷ್ಟು ಬತ್ತಲೆಯಾದ ಸಂದೇಹ! ಯೇಸು ಸಿಟ್ಟಾಗಲಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭವಾರ್ತೆ ಮುಟ್ಟುತ್ತಿದೆ, ಕಂಡುದನ್ನು ಹೋಗಿ ತಿಳಿಸಿರೆಂದನು. ಅವರು ಹೋದ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದನು. ಸಂದೇಹವನ್ನು ಬಚ್ಚಿಟ್ಟುಕೊಂಡು ಬಾಯಲ್ಲಿ ನಂಬಿಕೆಯನ್ನು ಆಡುವುದಕ್ಕಿಂತ, ಸಂದೇಹವನ್ನೇ ಆತನ ಬಳಿಗೆ ಕಳುಹಿಸುವುದು ಮೇಲು.

ಇನ್ನು ತಾಳ್ಮೆಯ ಮಾತು. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಒಂದು ಪತ್ರವಿದೆ. ಕರ್ತನು ಬರುವವರೆಗೆ ತಾಳಿಕೊಳ್ಳಿರೆಂದು ಹೇಳಿ, ಅದಕ್ಕೆ ಆತನು ರೈತನ ಉದಾಹರಣೆಯನ್ನು ಕೊಡುತ್ತಾನೆ. ಪಾಲೆಸ್ತೀನದಲ್ಲಿ ಬಿತ್ತುವ ಕಾಲಕ್ಕೆ ಒಂದು ಮಳೆ, ತೆನೆ ಬಲಿಯುವ ಕಾಲಕ್ಕೆ ಇನ್ನೊಂದು ಮಳೆ. ಕನ್ನಡ ಬೈಬಲಿನಲ್ಲಿ ಇವಕ್ಕೆ ಮುಂಗಾರು ಹಿಂಗಾರು ಎಂದೇ ಬಂದಿದೆ. ಕುಂದಗೋಳ ನವಲಗುಂದಗಳ ರೈತನಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ರೈತನು ಕಾಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಿಂಗಾರಿ ಪೈರಿನ ಸಾಲುಗಳ ನಡುವೆ ಆತನು ಎಡೆಕುಂಟಿ ಹೊಡೆಯುತ್ತಾನೆ. ಕಸ ತೆಗೆಯುವುದಷ್ಟೇ ಅದರ ಕೆಲಸವಲ್ಲ. ಎರಿಭೂಮಿ ಒಣಗುತ್ತ ಬಂದಂತೆ ಬಿರುಕು ಬಿಡುತ್ತದೆ. ಆ ಬಿರುಕುಗಳಿಂದ ಒಳಗಿನ ಹಸಿ ಆರಿಹೋಗುತ್ತದೆ. ಕುಂಟಿ ಮೇಲ್ಮಣ್ಣನ್ನು ಸಡಿಲಿಸಿ ಆ ಬಿರುಕುಗಳನ್ನು ಮುಚ್ಚುತ್ತದೆ. ಬರಲಾರದ ಮಳೆಯನ್ನು ತರಿಸುವುದು ಆತನ ಕೈಯಲ್ಲಿಲ್ಲ. ಬಂದ ಮಳೆಯನ್ನು ಕಾಪಾಡುವುದು ಆತನ ಕೈಯಲ್ಲಿದೆ. ತೆನೆ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಾನೆ. ಪ್ರವಾದಿಯಾದ ಹಬಕ್ಕೂಕನೂ ದೇವರಿಗೆ ತನ್ನ ದೂರನ್ನು ಸಲ್ಲಿಸಿದ ಮೇಲೆ, ಉತ್ತರವನ್ನು ನೋಡುವುದಕ್ಕಾಗಿ ಕಾವಲುಗೋಪುರವನ್ನು ಹತ್ತಿ ನಿಂತನಂತೆ. ಬೇಡಿಕೊಂಡವನು ಎಚ್ಚರವಾಗಿಯೂ ಇರಬೇಕಷ್ಟೆ.

ತಾಳ್ಮೆಯ ಹೆಸರಿನಲ್ಲಿ ಒಂದು ಮೋಸವೂ ನಡೆಯುವುದುಂಟು. ಉಣ್ಣುವವನು ಹಸಿದವನಿಗೆ, ಸಾಲ ಕೊಟ್ಟವನು ಸಾಲ ತಂದವನಿಗೆ ತಾಳ್ಮೆಯನ್ನು ಬೋಧಿಸುತ್ತಾನೆ. ಯಾಕೋಬನ ಪತ್ರದಲ್ಲಿ ರೈತನ ಉದಾಹರಣೆಗೆ ಸ್ವಲ್ಪ ಮೊದಲೇ ಇರುವ ಮಾತು ಯಾರಿಗೆ ಹೇಳಿದ್ದು ಗೊತ್ತೆ? ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡ ಸಿರಿವಂತರಿಗೆ. ಆ ಕೂಲಿಯೇ ಅವರ ಮೇಲೆ ಕೂಗಿಡುತ್ತಿದೆಯೆಂದು ಆತನು ಎಚ್ಚರಿಸುತ್ತಾನೆ. ಅದಾದ ಮೇಲೆಯೇ ತಾಳ್ಮೆಯ ಮಾತು ಬರುತ್ತದೆ. ನಮ್ಮ ಭಾಗದವರಿಗೆ ಇದು ದೂರದ ಸಂಗತಿಯಲ್ಲ. ೧೯೮೦ರ ಜುಲೈ ೨೧ರಂದು ಮಲಪ್ರಭಾ ನೀರಾವರಿ ಪ್ರದೇಶದ ಕರಭಾರದ ವಿರುದ್ಧ ನವಲಗುಂದ, ನರಗುಂದಗಳ ರೈತರು ಎದ್ದು ನಿಂತಾಗ ಪ್ರಾಣಗಳೇ ಹೋದುವು. ಅನ್ಯಾಯವನ್ನು ಎತ್ತಿ ಹೇಳಿದವನಿಗೆ ತಾಳ್ಮೆಯಿಲ್ಲವೆಂದು ತಿಳಿಯಬಾರದು. ಯೋಹಾನನು ಸೆರೆಮನೆಗೆ ಹೋದುದೂ ಎತ್ತಿ ಹೇಳಿದ್ದಕ್ಕಾಗಿಯೇ.

ಕುಂದಗೋಳವೆಂದರೆ ಸಂಗೀತವೂ ನೆನಪಿಗೆ ಬರುತ್ತದೆ. ಸವಾಯಿ ಗಂಧರ್ವರು ೧೯೫೨ರಲ್ಲಿ ತೀರಿಕೊಂಡರು. ಅವರ ಬಳಿ ಕಲಿಯುವುದಕ್ಕಾಗಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ನೀರು ಹೊರುವ ಸೇವೆಯನ್ನೂ ಮಾಡಿದರು. ವಿಲಂಬಿತ ಲಯದಲ್ಲಿ ಹಾಡುವವನು ಮೇಲಿನ ಷಡ್ಜಕ್ಕೆ ಓಡಿಹೋಗುವುದಿಲ್ಲ. ಒಂದೊಂದು ಸ್ವರದ ಬಳಿಯೂ ನಿಂತು, ಅದು ನಿಜವಾಗಿ ಹತ್ತಿತೋ ಇಲ್ಲವೋ ನೋಡಿಕೊಂಡು ಮುಂದುವರಿಯುತ್ತಾನೆ. ಪ್ರಾರ್ಥನೆಯಲ್ಲಿಯೂ ಹೀಗೆಯೇ. ಒಂದು ನಿಜವಾದ ಮಾತಿನ ಬಳಿ ನಿಲ್ಲಲಾರದವನು ನೂರು ಮಾತುಗಳನ್ನು ಅವಸರದಿಂದ ಹೇಳಿ ಮುಗಿಸುತ್ತಾನೆ.

ಕಲಘಟಗಿಯ ತೊಟ್ಟಿಲುಗಳನ್ನು ಬಲ್ಲವರು ಇನ್ನೊಂದು ಹೋಲಿಕೆಯನ್ನು ಒಪ್ಪುತ್ತಾರೆ. ಬಣ್ಣ ಬಣ್ಣದ ಚಿತ್ರಗಳನ್ನು ಬರೆದು, ಅರಗಿನ ಹೊಳಪನ್ನು ಕೊಟ್ಟು ಮಾಡುವ ಆ ತೊಟ್ಟಿಲು ಅವಸರದ ಕೆಲಸವಲ್ಲ. ಮಗು ಬರುತ್ತದೆಂಬ ಭರವಸೆಯ ಮೇಲೆ, ಮಗುವಿನ ಮುಖವನ್ನು ಇನ್ನೂ ಕಾಣದವರು ಅದನ್ನು ಮಾಡಿಸುತ್ತಾರೆ. ಕಾಯುವ ದಿನಗಳು ಹೀಗೆ ಕೆಲಸದಿಂದ ತುಂಬುತ್ತವೆ. ಕ್ರಿಸ್ತಜಯಂತಿಯ ಕಥೆಯಲ್ಲಿ ಮಾತ್ರ ಹುಟ್ಟಿದ ಕೂಸಿಗೆ ಅಂಥ ತೊಟ್ಟಿಲು ದೊರೆಯಲಿಲ್ಲ. ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದರೆಂದು ಕನ್ನಡ ಬೈಬಲು ಹೇಳುತ್ತದೆ. ದನ ಮೇವು ತಿನ್ನುವ ಗೋದಲಿ ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆಯೇ ಇರುತ್ತಿತ್ತು. ದನ ಕೆಳಗೆ, ಜನ ಮೇಲಿನ ಪಡಸಾಲೆಯಲ್ಲಿ. ಬೇತ್ಲೆಹೇಮಿನ ಬಡವರ ಮನೆಗಳೂ ಹೆಚ್ಚು ಕಡಿಮೆ ಹೀಗೆಯೇ ಇದ್ದುವೆಂದು ಬಲ್ಲವರು ಹೇಳುತ್ತಾರೆ. ಕಾದವರು ಅರಮನೆಯ ಕಡೆಗೆ ನೋಡುತ್ತಿದ್ದಾಗ ಬರುವಾತನು ದನದ ಉಸಿರಿನ ಬಳಿಗೆ ಬಂದಿದ್ದನು. ಮಲಸಮುದ್ರದ ಪಾಠವನ್ನು ಇಲ್ಲಿಟ್ಟು ನೋಡಿದರೆ ಅದರ ಅರ್ಥ ಇನ್ನಷ್ಟು ತಿಳಿಯಾಗುತ್ತದೆ.

ಕಾದದ್ದು ಬಾರದೆ ಹೋದರೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಭಾಷಣ ಪ್ರಾಮಾಣಿಕವಲ್ಲ. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರಕಾರ ಸಾರಿತು. ಆ ವರುಷ ಬೇಡಿಕೊಂಡವರು ಕಡಿಮೆ ಭಕ್ತಿಯಿಂದ ಬೇಡಿಕೊಂಡರೇ? ಹನ್ನಳಿಗೆ ಮಗ ಹುಟ್ಟಿದನು. ಹಾಗೆಯೇ ಬೇಡಿದ ಎಷ್ಟೋ ತಾಯಂದಿರಿಗೆ ಹುಟ್ಟಲಿಲ್ಲ. ಯೋಹಾನನು ಸೆರೆಮನೆಯಿಂದ ಜೀವಸಹಿತ ಹೊರಗೆ ಬರಲಿಲ್ಲ. ಗೆತ್ಸೇಮನೆಯ ತೋಟದಲ್ಲಿ ಯೇಸುವೇ ತನ್ನಿಂದ ಆ ಪಾತ್ರೆ ತೊಲಗಲೆಂದು ಬೇಡಿದನು, ಅದು ತೊಲಗಲಿಲ್ಲ. ನಂಬಿಕೆ ಕಡಿಮೆಯಾದುದರಿಂದ ಹೀಗಾಯಿತೆಂದು ನೊಂದವರ ಮುಂದೆ ಹೇಳುವುದು ಕ್ರೂರತನ. ಅಂಥವರ ಬಳಿ ನಾವು ಕುಳಿತಿರಬಹುದು, ಬಿತ್ತನೆಯ ಬೀಜಕ್ಕೋ ಮಕ್ಕಳ ಓದಿಗೋ ಕೈಲಾದುದನ್ನು ಕೊಡಬಹುದು.

ಜರ್ಮನಿಯ ಪಾದ್ರಿ ದೀತ್ರಿಖ್ ಬೊನ್‌ಹೋಫರ್ ಹಿಟ್ಲರನ ಆಡಳಿತವನ್ನು ಎದುರಿಸಿ ಸೆರೆಮನೆ ಸೇರಿದವರು. ೧೯೪೩ರ ನವಂಬರದಲ್ಲಿ ಬರ್ಲಿನ್ನಿನ ತೇಗೆಲ್ ಸೆರೆಮನೆಯಿಂದ ಬರೆದ ಒಂದು ಪತ್ರದಲ್ಲಿ ಅವರು ಸೆರೆಯ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸಿದರು. ಒಳಗಿರುವವನು ಆಶಿಸುತ್ತಾನೆ, ಅದನ್ನೂ ಇದನ್ನೂ ಮಾಡುತ್ತಿರುತ್ತಾನೆ. ಆದರೆ ಬಾಗಿಲು ಹೊರಗಿನಿಂದಲೇ ತೆರೆಯಬೇಕು ಎಂಬುದು ಅವರ ಭಾವ. ಅವರ ಸೆರೆಯ ಬಾಗಿಲು ಬಿಡುಗಡೆಗಾಗಿ ತೆರೆಯಲಿಲ್ಲ. ೧೯೪೫ರ ಏಪ್ರಿಲ್ ೯ರಂದು ಅವರನ್ನು ಗಲ್ಲಿಗೇರಿಸಿದರು. ಆದರೂ ಕಾಯುವವರು ಅವರ ಪತ್ರಗಳನ್ನು ಇಂದಿಗೂ ತೆರೆದು ಓದುತ್ತಾರೆ.

ಆಗಮನ ಕಾಲದ ನಾಲ್ಕನೆಯ ರವಿವಾರದ ಪುರಾತನ ಪ್ರಾರ್ಥನೆಯೊಂದು ಪ್ರವಾದಿ ಯೆಶಾಯನ ಗ್ರಂಥದಿಂದ ಬಂದುದು. ನೀತಿಯು ಮೇಲಿಂದ ಇಬ್ಬನಿಯಂತೆ ಇಳಿಯಲೆಂದು, ಭೂಮಿ ಬಾಯ್ದೆರೆದು ಅದನ್ನು ಫಲವಾಗಿ ಬೆಳೆಯಲೆಂದು ಅದರ ಬಯಕೆ. ಗುಡುಗಿ ಸುರಿಯುವ ಮಳೆಯನ್ನು ಬಿಟ್ಟು ಇಬ್ಬನಿಯನ್ನೇಕೆ ಬೇಡಿದರು? ಡಿಸೆಂಬರ ತಿಂಗಳ ಮುಂಜಾನೆ ಕಡಲೆಯ ಹೊಲದ ಬದುವಿನಲ್ಲಿ ನಿಂತು ನೋಡಿದವರಿಗೆ ಇದು ತಿಳಿಯುತ್ತದೆ. ರಾತ್ರಿ ಯಾವ ಸದ್ದೂ ಕೇಳಿಸಿರುವುದಿಲ್ಲ, ಆದರೆ ಎಲೆಎಲೆಯೂ ತೊಯ್ದಿರುತ್ತದೆ. ಗಿಡದ ಮೇಲೆ ಬಿಳಿಯ ಬಟ್ಟೆಯನ್ನು ಎಳೆದು, ಹುಳಿಗೂಡಿದ ಆ ನೀರನ್ನು ಹಿಂಡಿ, ಹೊಟ್ಟೆನೋವಿನ ಮದ್ದಿಗೆಂದು ಸೀಸೆಯಲ್ಲಿ ಕಾದಿರಿಸುವ ವಾಡಿಕೆ ನಮ್ಮಲ್ಲುಂಟು. ಹೊತ್ತೇರಿದ ಮೇಲೆ ಹೋದವನಿಗೆ ಅದು ಸಿಕ್ಕುವುದಿಲ್ಲ.

ಈ ನಾಲ್ಕು ವಾರಗಳನ್ನು ಆಚರಿಸುವವರು ಆಚರಿಸುತ್ತಾರೆ. ಆಚರಿಸದ ಶ್ರೋತೃಗಳಿಗೂ ಇದರಲ್ಲಿ ಒಂದು ಪಾಲು ಉಂಟೆಂದು ನನ್ನ ನಂಬಿಕೆ. ದಿನಕ್ಕೊಮ್ಮೆ, ದೀಪ ಹಚ್ಚುವ ಹೊತ್ತಿಗೋ ಕೋಳಿ ಕೂಗುವ ಹೊತ್ತಿಗೋ, ಕೆಲವು ಗಳಿಗೆ ಸುಮ್ಮನೆ ಕುಳಿತು, ನನಗೆ ನಿಜವಾಗಿ ಬೇಕಾದುದೇನು, ನಾನು ಯಾವುದಕ್ಕೆ ಹೆದರಿದ್ದೇನೆ, ನಾನು ಯಾರ ಕೂಲಿಯನ್ನು ಹಿಡಿದಿಟ್ಟಿದ್ದೇನೆ ಎಂದು ಕೇಳಿಕೊಳ್ಳಬಹುದು. ಬಂದ ಉತ್ತರವನ್ನು ತಿದ್ದದೆ, ತಾವು ನಂಬಿದ ದೇವರ ಮುಂದೆ ಇಡಬಹುದು. ಅನಂತರ ಎದ್ದು ಆ ದಿನದ ಕೆಲಸಕ್ಕೆ ಹೋಗಬಹುದು. ಕೂಲಿ ಕೊಡಬೇಕಾಗಿದ್ದರೆ ಮೊದಲು ಅದನ್ನು ಕೊಟ್ಟು.